ಅವಳ ಕೈ ಹಿಡಿದು ಅದ್ದಬೇಡಿ

ಮಟಮಟ ಮಧ್ಯಾಹ್ನ ಒಬ್ಬ ಗಂಡಸು ಮನೆಯ ಚಾವಡಿಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಟ್ರೇಯಲ್ಲಿ ಹರಡಿದ ಕುಚ್ಚಲಕ್ಕಿಯಲ್ಲಿ ಕೈಯಾಡಿಸುತ್ತಿದ್ದರೆ ಸಿದ್ಧಕಟ್ಟೆಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದೋ ಅವನ ಕೆಲಸ ಹೋಗಿದೆ, ಇಲ್ಲದಿದ್ದರೆ ತಲೆ ಹೋಗಿದೆ. ನನ್ನ ವಿಷಯದಲ್ಲಿ ಎರಡೂ ಹೋಗಿರಬಹುದು ಎಂದು ಊರು ತೀರ್ಮಾನ ಮಾಡಿತ್ತು. ಗ್ಯಾಸ್ ತಂದುಕೊಟ್ಟವನು ಬಾಗಿಲಲ್ಲೇ ನಿಂತು, "ಎಂತ ಮಾರಾಯ, ಕಲ್ಲು ಹೆಕ್ಕುವುದಾ?" ಎಂದು ಕೇಳಿದ. "ಅಲ್ಲ, ಆಡುವುದು" ಎಂದೆ. ಅವನು ನಗುತ್ತಾ ಗೇಟಿನವರೆಗೆ ಹೋದ, ಗೇಟಿನ ಹೊರಗೆ ನಿಂತು ಇನ್ನೊಮ್ಮೆ ನಕ್ಕ. ಆ ಖಾಲಿ ಸಿಲಿಂಡರನ್ನು ಅವನ ಕಾಲ ಮೇಲೆ ಹಾಕುವಷ್ಟು ಸಿಟ್ಟು ಬಂತು ನನಗೆ. ಸಿಟ್ಟು ನನಗೆ ಬೇಗ ಬರುತ್ತದೆ, ಇಳಿಯುವುದು ನಿಧಾನ. ಇದನ್ನು ಬರೆಯುವಾಗಲೂ ಪೂರ್ತಿ ಇಳಿದಿಲ್ಲ.

ಕೆಲಸ ಹೋಗಿರಲಿಲ್ಲ. ಪಾಣೆಮಂಗಳೂರಿನ ಒಂದು ಬೇಕರಿಯಲ್ಲಿ ನಾನು ಹಿಟ್ಟು ಕಲಸುವವನು. ಬೆಳಕು ಹರಿಯುವ ಮೊದಲು ಬೈಕು ಹತ್ತಿದರೆ ಮಧ್ಯಾಹ್ನ ಊಟಕ್ಕೆ ಮನೆ. ಹೆಂಡತಿ ಮಂಗಳೂರಿನಲ್ಲಿ ನರ್ಸ್. ಅವಳು ಬಸ್ಸಿಳಿದು ಬರುವಾಗ ಸಂಜೆಯಾಗುತ್ತದೆ. ನಡುವಿನ ಹೊತ್ತು ಮಗಳು ನನ್ನ ಪಾಲಿಗೆ. ನನ್ನ ಅಮ್ಮನೂ ಮನೆಯಲ್ಲೇ ಇದ್ದಾರೆ. ನಮ್ಮ ಮನೆಮಾತು ತುಳು, ಇಲ್ಲಿ ಬರೆಯುವಾಗ ಕನ್ನಡ. ಬೈಗುಳಗಳು ಕನ್ನಡಕ್ಕೆ ಬರುವಾಗ ಅರ್ಧ ಖಾರ ಕಳೆದುಕೊಳ್ಳುತ್ತವೆ, ಓದುವವರು ತಾವಾಗಿ ಸ್ವಲ್ಪ ಸೇರಿಸಿಕೊಳ್ಳಬೇಕು.

ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ಒದ್ದೆಯಾದದ್ದು, ಅಂಟುವಂಥದ್ದು, ಮೆತ್ತಗಿನದ್ದು, ಯಾವುದನ್ನೂ ಅವಳು ಮುಟ್ಟುತ್ತಿರಲಿಲ್ಲ. ಬೆರಳಿಗೆ ಒಂದು ಅಗುಳು ಅನ್ನ ತಾಗಿದರೂ ಸಾಕು, ಆ ಕೈಯನ್ನು ಮೈಯಿಂದ ದೂರ ಚಾಚಿ, ಉಸಿರು ಕಟ್ಟಿ, ಬಿಳಿಚಿಕೊಂಡು ನಿಲ್ಲುತ್ತಿದ್ದಳು. ಯಾರಾದರೂ ಒರೆಸುವವರೆಗೆ ಹಾಗೆಯೇ. ಹುಲ್ಲಿನ ಮೇಲೆ ಇಳಿಸಿದರೆ ಎರಡೂ ಕಾಲು ಮಡಚಿ ನಮ್ಮ ಕುತ್ತಿಗೆಗೆ ನೇತುಬೀಳುತ್ತಿದ್ದಳು. ಕೈಗೆ ಆಗದ್ದು ಬಾಯಿಗೂ ಆಗುತ್ತಿರಲಿಲ್ಲ. ಅನ್ನ ಬೇಡ, ಗಂಜಿ ಬೇಡ, ಇಡ್ಲಿ ಬೇಡ, ಬಾಳೆಹಣ್ಣು ಕಂಡರೆ ವಾಂತಿ. ರಸ್ಕು, ಚಕ್ಕುಲಿ, ಬ್ರೆಡ್ಡಿನ ಗಟ್ಟಿ ಅಂಚು, ಹಾಲು. ಅಷ್ಟೇ. ಜೀವಮಾನವಿಡೀ ಹಿಟ್ಟಿನಲ್ಲಿ ಕೈ ಹಾಕಿ ಬದುಕಿದವನ ಮಗಳಿಗೆ ಹಿಟ್ಟು ಕಂಡರೆ ಆಗುವುದಿಲ್ಲ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಮೈದಾ ಉಳಿಯುತ್ತದಲ್ಲ, ಅದನ್ನು ನೋಡಿ ಅವಳು ನನ್ನ ಕೈಗೆ ಬರುತ್ತಿರಲಿಲ್ಲ. ಆ ನೋವನ್ನು ಹೇಗೆ ಹೇಳುವುದೆಂದು ನನಗೆ ಗೊತ್ತಿಲ್ಲ.

ಊರಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ದೃಷ್ಟಿ ತೆಗೆಸಿ ಎಂದರು. ಮೊಬೈಲ್ ಕೊಟ್ಟು ಹಾಳು ಮಾಡಿದ್ದು ಎಂದರು. ಒಂದು ದಿನ ಏನೂ ಕೊಡದೆ ಉಪವಾಸ ಹಾಕು, ಹಸಿವಾದರೆ ತಾನಾಗಿ ಬಂದು ತಿನ್ನುತ್ತದೆ ಎಂದು ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೇಳಿದರು. ಇನ್ನೊಬ್ಬಳು ಮಹಾತಾಯಿ, "ಹೆಣ್ಣು ಮಗು ಅಲ್ವಾ, ಹೀಗಾದ್ರೆ ನಾಳೆ ಅಡಿಗೆ ಹೇಗೆ ಮಾಡ್ತಾಳೆ?" ಎಂದಳು. ಎರಡು ವರ್ಷದ ಮಗು, ಪಕ್ಕೆಲುಬು ಕಾಣುತ್ತಾ ಉಂಟು, ಇವಳಿಗೆ ಅದು ಯಾರಿಗೋ ಅಡಿಗೆ ಮಾಡಿ ಹಾಕುವ ಚಿಂತೆ! ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ಅವಳ ಮನೆಯವರಿಗೂ ನಮಗೂ ಈಗಲೂ ಮಾತಿಲ್ಲ, ಅದರಿಂದ ನಷ್ಟವೂ ಇಲ್ಲ.

ಮೂಡುಬಿದಿರೆಯ ಮಕ್ಕಳ ಡಾಕ್ಟರು ತೂಕ ನೋಡಿ, ರಕ್ತ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಇದೇ ರೀತಿ ಇಳಿಯುತ್ತಾ ಹೋದರೆ ಮೂಗಿನಲ್ಲಿ ನಳಿಕೆ ಹಾಕಿ ಆಹಾರ ಕೊಡಬೇಕಾಗಬಹುದು ಎಂದರು. ಹೆಂಡತಿ ಆಸ್ಪತ್ರೆಯಲ್ಲಿ ಎಷ್ಟೋ ಮಂದಿಗೆ ಅಂಥ ನಳಿಕೆ ಹಾಕಿದವಳು. ಹೊರಗೆ ಬಂದು ಬೈಕಿನ ಹತ್ತಿರ ನಿಂತು, "ಅದೊಂದು ಆಗಬಾರದು. ಅದೊಂದು ಬೇಡ" ಎಂದು ಅತ್ತಳು.

ಆ ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಥೆರಪಿ ಮಾಡುವ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳೇ ನಮಗೆ ದಾರಿ ತೋರಿಸಿದ್ದು. "ಇದು ಹಠ ಅಲ್ಲ. ನಮಗೆ ಮುಳ್ಳು ತಾಗಿದ ಹಾಗೆ ಇವಳಿಗೆ ಅನ್ನ ತಾಗುವುದು. ಕೆಲವು ಮಕ್ಕಳು ಹುಟ್ಟುವಾಗಲೇ ಹೀಗೆ, ನಿಮ್ಮದು ಯಾರದ್ದೂ ತಪ್ಪಲ್ಲ" ಎಂದಳು. ಮದ್ದು ಎಂದರೆ ಆಟ. ಮನೆಯಲ್ಲೇ, ದಿನವೂ. ಮೊದಲು ಒಣಗಿದ್ದು: ಅಕ್ಕಿ, ಕಾಳು. ಆಮೇಲೆ ಹುಡಿ. ಆಮೇಲೆ ತಂಪು, ಆಮೇಲೆ ಒದ್ದೆ, ಕೊನೆಗೆ ಅಂಟುವುದು. ಕೈ ಒಪ್ಪಿದರೆ ಬಾಯಿ ಹಿಂದಿನಿಂದ ಬರುತ್ತದೆ. "ನೀವು ಆಡಿ, ಅವಳು ನೋಡ್ಲಿ. ಬಾ ಅಂತಲೂ ಕರೆಯಬೇಡಿ. ಒಂದು ಮಾತ್ರ ನೆನಪಿಡಿ. ಅವಳ ಕೈ ಹಿಡಿದು ಯಾವುದಕ್ಕೂ ಅದ್ದಬೇಡಿ. ಯಾರೂ." ಆ 'ಯಾರೂ' ಎನ್ನುವುದನ್ನು ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ಭಾವನಿಗೆ ಅವರ ಅಂಗಡಿಯಲ್ಲಿ ನಿಂತು ಹೇಳಿದೆ. ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಹಾಗೆ ಶುರುವಾಯಿತು ನನ್ನ ಅಕ್ಕಿಯಾಟ. ಬೇಕರಿಯಿಂದ ಹಳೆಯ ಬನ್ನಿನ ಟ್ರೇ ಒಂದನ್ನು ಕೇಳಿ ತಂದೆ. ಮೊದಲನೇ ದಿನವೇ ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ತಿನ್ನುವ ಅಕ್ಕಿಯಲ್ಲಿ ಆಡುವುದಾ? ಕಾಲಿಗೆ ತಾಗಿದರೆ?" ಕಾಲಿಗೆ ತಾಗುವುದಿಲ್ಲ, ಚಾಪೆ ಹಾಕಿದ್ದೇನೆ, ಬಿದ್ದದ್ದನ್ನು ಹೆಕ್ಕುತ್ತೇನೆ ಎಂದೆ. "ಧೂಳು ಎಷ್ಟು ನೋಡು" ಎಂದರು. ಅಮ್ಮನ ಹೆಗಲ ಮೇಲೆ ಒಂದು ಚಂಡಿ ಬೈರಾಸು, ಎಂದರೆ ಒದ್ದೆ ಟವೆಲು, ಯಾವಾಗಲೂ ಇರುತ್ತಿತ್ತು. ಮಗು ಹುಟ್ಟಿದಂದಿನಿಂದ ಒಂದು ಹನಿ ಹಾಲು ಗಲ್ಲಕ್ಕೆ ಇಳಿದರೆ ಓಡಿಬಂದು ಒರೆಸಿದವರು. ಮೊಮ್ಮಗಳನ್ನು ಕನ್ನಡಿಯಂತೆ ಇಟ್ಟುಕೊಂಡಿದ್ದೇನೆ ಎಂದು ಬಂದವರಿಗೆಲ್ಲ ಹೇಳುವವರು. ಮಗಳು ಟ್ರೇಯ ಕಡೆಗೆ ಒಂದು ಹೆಜ್ಜೆ ಇಟ್ಟರೆ ಅಮ್ಮ ಬೈರಾಸು ಹಿಡಿದು ಎರಡು ಹೆಜ್ಜೆ. ನನ್ನ ಪಿತ್ತ ನೆತ್ತಿಗೇರುತ್ತಿತ್ತು. "ಅಮ್ಮಾ, ಅದನ್ನು ಒಣಗಲು ಹಾಕಿ, ನೀವು ಟೀವಿ ನೋಡಿ" ಎಂದು ಕೂಗಿದ್ದೇನೆ. ಅಮ್ಮ ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋದದ್ದೂ ಉಂಟು. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಹಿಂದೆ ಬೈರಾಸಿನ ತುದಿ ಕಾಣುತ್ತಿತ್ತು.

ನಾನು ಅಕ್ಕಿಯನ್ನು ಸೌಟಿನಿಂದ ಚೆಂಬಿಗೆ, ಚೆಂಬಿನಿಂದ ಟ್ರೇಗೆ ಸುರಿಯುತ್ತಾ ಕೂರುತ್ತಿದ್ದೆ. ಹಲಸಿನ ಬೀಜ ಹೂತಿಟ್ಟು ನಾನೇ ಹುಡುಕಿ, ನಾನೇ "ಆಹಾ ಸಿಕ್ಕಿತು" ಎನ್ನುತ್ತಿದ್ದೆ. ಮಗಳು ಗೋಡೆಗೆ ಬೆನ್ನು ಒತ್ತಿ ನಿಂತು ನೋಡುತ್ತಿದ್ದಳು. ವಾರಗಟ್ಟಲೆ ಬರೀ ನೋಡಿದಳು. ಬೇಕರಿಯಲ್ಲಿ ನಿಂತು ನಿಂತು ಬಂದವನಿಗೆ ಬೆನ್ನು ನೋವು, ನಿದ್ದೆ, ಅದರ ಮೇಲೆ ಈ ನಾಟಕ. ಒಂದು ದಿನ ಅವಳು ಬಂದು ಸೌಟು ತೆಗೆದುಕೊಂಡಳು. ಇನ್ನೊಂದು ದಿನ ಸೌಟು ಬಿಟ್ಟು ಒಂದು ಬೆರಳು ಇಟ್ಟಳು. ಮಳೆ ಹಿಡಿಯುವ ಹೊತ್ತಿಗೆ ಎರಡೂ ಕೈಯಲ್ಲಿ ಅಕ್ಕಿ ಬಾಚಿ ಮೇಲಿನಿಂದ ಸುರಿದು, ಆ ಶಬ್ದಕ್ಕೆ ಕಿಲಕಿಲ ನಗುತ್ತಿದ್ದಳು. ಆಮೇಲೆ ರಾಗಿ ಹುಡಿ. ಆಮೇಲೆ ನೀರು ಚಿಮುಕಿಸಿದ ರಾಗಿ ಹುಡಿ; ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಮೂಗು ಸೊಟ್ಟ ಮಾಡಿ, ಬಿಟ್ಟು, ಪುನಃ ಹಿಡಿದಳು. ಆ ವಾರ ಅವಳು ನನ್ನ ತಟ್ಟೆಯ ದೋಸೆಯ ಗರಿಗರಿ ಅಂಚನ್ನು ಮುರಿದು ತಿಂದಳು. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡದೆ, ಏನೂ ಆಗದವರ ಹಾಗೆ ಊಟ ಮುಗಿಸಿದೆವು. ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಇಷ್ಟರಲ್ಲಿ ಭಾವ ಬಂದರು. ಭಾವ ಎಂದರೆ ನನ್ನ ಅಕ್ಕನ ಗಂಡ. ಗುರುವಾಯನಕೆರೆಯಲ್ಲಿ ಅವರದ್ದು ಹಾರ್ಡ್‌ವೇರ್ ಅಂಗಡಿ. ದೊಡ್ಡ ಸ್ವರ, ದೊಡ್ಡ ನಗು, ದೊಡ್ಡ ಕೈ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವರು, ಯಾರ ಮದುವೆಯಲ್ಲೂ ಬಡಿಸಲು ಪಂಚೆ ಎತ್ತಿ ಕಟ್ಟುವವರು. ಅವರು ಬಡಿಸುವುದನ್ನು ನೋಡಬೇಕು ನೀವು. ಉಣ್ಣುವವನು ಸಾಕು ಎಂದು ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದರೆ, ಆ ಕೈಯ ಮೇಲೆಯೇ ಪಾಯಸ ಬೀಳುತ್ತದೆ. ಸುತ್ತಲಿನವರು ನಗುತ್ತಾರೆ, ಉಣ್ಣುವವನೂ ನಗುತ್ತಾನೆ. ನಮ್ಮ ಕಡೆಯಲ್ಲಿ ಅದಕ್ಕೆ ಪ್ರೀತಿ ಎಂದು ಹೆಸರು. ಒತ್ತಾಯ ಮಾಡದವನಿಗೆ ಕರೆಯಲು ಮನಸ್ಸಿರಲಿಲ್ಲ ಎಂದು ಅರ್ಥ. ಬೇಡ ಎಂದವನು ಬೇಡ ಎಂದೇ ಹೇಳಿರಬಹುದು ಎಂದು ನಮ್ಮ ಇಡೀ ತಾಲೂಕಿನಲ್ಲಿ ಯಾರಿಗೂ ಹೊಳೆಯುವುದಿಲ್ಲ! ಸಂಕೋಚ, ನಾಚಿಕೆ, ಸುಮ್ಮನೆ ಹೇಳ್ತಾನೆ, ನೀನು ಹಾಕು. ದೊಡ್ಡವರ ಬೇಡಕ್ಕೇ ಇಷ್ಟು ಮರ್ಯಾದೆ ಇರುವ ಕಡೆ ಎರಡು ವರ್ಷದ ಮಗುವಿನ ಬೇಡವನ್ನು ಕೇಳುವವರು ಯಾರು?

ಭಾವನ ಊರಿನಲ್ಲಿ ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ, ಕೆಸರುಗದ್ದೆಯ ಆಟ ಮಾಡುತ್ತಾರೆ. ಗದ್ದೆ ಉತ್ತು, ನೀರು ನಿಲ್ಲಿಸಿ, ಹಗ್ಗಜಗ್ಗಾಟ, ಓಟ, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು. ಪಕ್ಕದಲ್ಲಿ ಶಾಮಿಯಾನ, ಮೈಕು, ಅತಿಥಿಗಳಿಗೆ ಶಾಲು, ನಾವೆಲ್ಲ ಮಣ್ಣಿನ ಮಕ್ಕಳು ಎಂದು ಭಾಷಣ. ಭಾಷಣ ಮಾಡುವವರ ಮನೆಯಂಗಳಕ್ಕೆಲ್ಲ ಹಾಸುವ ಇಂಟರ್‌ಲಾಕ್ ಇಟ್ಟಿಗೆ ಮಾರಿದ್ದು ಭಾವನೇ. ವರ್ಷವಿಡೀ ಮಣ್ಣು ಮುಚ್ಚಿ, ಒಂದು ಭಾನುವಾರ ಅದಕ್ಕೆ ಮೈಕು ಇಡುವುದು! ಇರಲಿ, ಅದು ಅವರ ಸಂತೋಷ. ನನ್ನ ಜಗಳ ಬೇರೆಯದ್ದು.

"ಮಗುವಿಗೆ ಡಾಕ್ಟರು ಮಣ್ಣಿನಲ್ಲಿ ಆಡಿಸಲು ಹೇಳಿದ್ದಾರಂತೆ" ಎನ್ನುವಷ್ಟೇ ಅವರ ಕಿವಿಗೆ ಹೋಗಿತ್ತು. ಉಳಿದದ್ದನ್ನು ಅವರು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಆ ವರ್ಷ ಎಲ್ಲರೂ ಬನ್ನಿ ಎಂದು ಕರೆದರು. ನಾನು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮಗಳು ಅಜ್ಜಿಯ ಮಡಿಲಲ್ಲಿ ಕುರ್ಚಿಯ ಮೇಲೆ ಕೂತು ನೋಡುತ್ತಾಳೆ, ಕೆಳಗೆ ಇಳಿಯುವುದಿಲ್ಲ. "ಆಯ್ತು ಮಾರಾಯ, ನಿನ್ನದೊಂದು ರಗಳೆ" ಎಂದು ಭಾವ ಬೆನ್ನು ತಟ್ಟಿದರು. ಹೆಂಡತಿಗೆ ಅಂದು ಡ್ಯೂಟಿ. ಬೇಕರಿಯವನಲ್ವಾ, ಒಲೆಯ ಹತ್ತಿರ ಇರು ಎಂದು ನನ್ನನ್ನು ಶಾಮಿಯಾನದ ಹಿಂದೆ ಗಂಜಿಯ ಕಡಾಯಿಯ ಹತ್ತಿರ ನಿಲ್ಲಿಸಿದರು.

ಅಲ್ಲಿ ನಿಂತು ಗಂಜಿ ತೊಳಸುತ್ತಿರುವಾಗ ಮೈಕಿನಲ್ಲಿ ಭಾವನ ಸ್ವರ ಕೇಳಿತು. "ಈಗ ಬಂಧುಗಳೇ, ಈ ವರ್ಷದ ಹೊಸ ಐಟಂ, ಪುಟಾಣಿಗಳ ಕೆಸರಾಟ! ಮೊದಲಿಗೆ ನಮ್ಮದೇ ಮನೆಯ ಕೂಸು. ಇವಳಿಗೆ ಮೂಡುಬಿದಿರೆಯ ಡಾಕ್ಟರು ಮಣ್ಣಿನ ಮದ್ದು ಬರೆದುಕೊಟ್ಟಿದ್ದಾರೆ. ಆ ಮದ್ದು ನಮ್ಮಲ್ಲಿ ಬೇಕಾದಷ್ಟು ಉಂಟು!" ಜನ ನಕ್ಕರು. ನಾನು ಸೌಟು ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ.

ಓಡಿ ಗದ್ದೆಯ ಬದಿಗೆ ಬರುವಾಗ ಭಾವ ಮೈಕನ್ನು ಇನ್ನೊಬ್ಬನ ಕೈಗೆ ಕೊಟ್ಟು ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದರು. ಅವರ ಎರಡು ಮಂಡಿಯ ನಡುವೆ ನನ್ನ ಮಗಳು, ಸೊಂಟದವರೆಗೆ ಕೆಸರು. ಅವಳ ಎರಡೂ ಮಣಿಕಟ್ಟು ಹಿಡಿದು ಕೆಸರಿಗೆ ಅದ್ದಿ ಅದ್ದಿ ಎತ್ತುತ್ತಿದ್ದರು. "ಹೀಗೆ ಮಾಡುವ, ಹೀಗೆ ಆಡುವ, ಪಚಕ್! ಪಚಕ್!" ಸುತ್ತಲೂ ಎತ್ತಿ ಹಿಡಿದ ಮೊಬೈಲುಗಳು. "ನೋಡಿ, ಅಳುವುದೇ ಇಲ್ಲ! ಖುಷಿಯಾಗಿದೆ ಅವಳಿಗೆ" ಎಂದು ಯಾರೋ ಹೆಂಗಸು ಹೇಳಿದಳು. ಅಳುತ್ತಿರಲಿಲ್ಲ, ನಿಜ. ಅವಳ ಬಾಯಿ ಪೂರ್ತಿ ತೆರೆದಿತ್ತು, ಸ್ವರವೇ ಹೊರಡುತ್ತಿರಲಿಲ್ಲ. ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ. ಅಮ್ಮ ಕುರ್ಚಿಯಿಂದ ಎದ್ದು ನಿಂತು, ಅಳಿಯನಿಗೆ ಏನು ಹೇಳುವುದು ಎಂದು ತಿಳಿಯದೆ ಬೈರಾಸನ್ನು ಹಿಂಡುತ್ತಿದ್ದರು.

ನಾನು ಇಳಿದು ಮಗಳನ್ನು ಕಿತ್ತುಕೊಂಡೆ. ನನ್ನ ಹೆಗಲಲ್ಲಿ ಅವಳು ಕಟ್ಟಿಗೆಯ ಹಾಗೆ ಸೆಟೆದು ಇದ್ದಳು. ಮೈಕು ಹಿಡಿದವನಿಗೆ ಇದೂ ತಮಾಷೆ. "ಅಪ್ಪನೂ ಇಳಿದರು ನೋಡಿ! ಎರಡು ಮಾತು ಹೇಳಿ ಸಾರ್" ಎಂದು ಅದನ್ನು ನನ್ನ ಬಾಯಿಯ ಹತ್ತಿರ ತಂದ. ಹೇಳಿದೆ. "ಇವಳು ನನ್ನ ಮಗಳು, ನಿಮ್ಮ ಐಟಂ ಅಲ್ಲ. ಬೇಡ ಎಂದು ಹೇಳಿದ್ದೆ. ನಾನು ಹೇಳಿದ್ದೆ, ಡಾಕ್ಟರು ಹೇಳಿದ್ದರು, ಇವಳ ಮುಖ ಹೇಳುತ್ತಾ ಉಂಟು. ಇಷ್ಟು ಜನರಲ್ಲಿ ಒಬ್ಬನಿಗೂ ಕಣ್ಣಿಲ್ವಾ?" ಅಷ್ಟಕ್ಕೇ ನಿಲ್ಲಲಿಲ್ಲ. ಭಾವನಿಗೆ ತುಳುವಿನಲ್ಲಿ ಒಂದು ಶಬ್ದ ಹೇಳಿದೆ. ವೇದಿಕೆಯ ಮೇಲಿನ ಅತಿಥಿಗಳಿಂದ ಹಿಡಿದು ಆಚೆ ರಸ್ತೆಯಲ್ಲಿ ಬಸ್ಸು ಕಾಯುತ್ತಿದ್ದವರವರೆಗೆ ಎಲ್ಲರಿಗೂ ಅದು ಕೇಳಿಸಿತು. ಈಗಲೂ ಅದರಲ್ಲಿ ಒಂದಕ್ಷರ ಹಿಂದೆ ತೆಗೆದುಕೊಳ್ಳುವವನಲ್ಲ ನಾನು.

"ಎಂತ ಆಯ್ತು ಈಗ? ಮಣ್ಣು ತಾಗಿದರೆ ಸಾಯ್ತಾಳಾ?" ಎಂದು ಭಾವ ಕೆಸರು ಕೈ ಚಾಚಿ ನಿಂತೇ ಇದ್ದರು. ಅವರ ಮುಖದಲ್ಲಿ ಇದ್ದದ್ದು ಆಶ್ಚರ್ಯ, ನಿಜವಾದ ಆಶ್ಚರ್ಯ. ಅದನ್ನು ನೋಡಿ ನನಗೆ ಇನ್ನೂ ಮೈ ಉರಿಯಿತು.

ಆ ದಿನದಿಂದ ಮಗಳು ಅಕ್ಕಿಯ ಟ್ರೇಯ ಕಡೆಗೆ ಬರಲಿಲ್ಲ. ಟ್ರೇ ತೆಗೆಯುವ ಶಬ್ದ ಕೇಳಿದರೆ ಒಳಕೋಣೆಗೆ ಓಡುತ್ತಿದ್ದಳು. ಸ್ನಾನದ ನೀರು ಕಂಡರೆ ಕಿರುಚಾಟ. ರಸ್ಕನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರೆ ಮಾತ್ರ ಹಿಡಿಯುತ್ತಿದ್ದಳು. ಅಕ್ಕಿಯಾಟ ಶುರುವಾದ ಮೇಲೆ ನಡೆಯುವಾಗ ನನ್ನ ಬೆರಳು ಹಿಡಿಯತೊಡಗಿದ್ದವಳು ಅದನ್ನೂ ಬಿಟ್ಟಳು. ಎರಡೂ ಕೈ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡೇ ಇರುತ್ತಿದ್ದಳು. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಕಟ್ಟಿದ್ದು ಒಂದು ಐಟಮಿಗೆ ನೀರುಪಾಲು. ಮೂಡುಬಿದಿರೆಯಲ್ಲಿ ಡಾಕ್ಟರು ಪುನಃ ತೂಕ ನೋಡಿದರು. ಇನ್ನು ಸ್ವಲ್ಪ ಇಳಿದರೆ ನಳಿಕೆಯ ವಿಷಯ ತೀರ್ಮಾನ ಮಾಡುವ ಎಂದರು. ಥೆರಪಿಯ ಹುಡುಗಿ ಎಲ್ಲವನ್ನೂ ಕೇಳಿ ಕಣ್ಣು ಮುಚ್ಚಿಕೊಂಡಳು. "ಮೊದಲಿನಿಂದ ಶುರು ಮಾಡುವ" ಎಂದಳು. ಊಟದ ಹೊತ್ತಿಗೆಲ್ಲ ಅವಳ ಮುಂದೆ ಒಂದು ಬಟ್ಟಲು ಗಂಜಿ ಇಡಿ, ತಿನ್ನು ಎಂದು ಹೇಳಬೇಡಿ, ನೋಡಲೂ ಬೇಡಿ, ಅದು ಅಲ್ಲಿರುವುದು ಅವಳಿಗೆ ಅಭ್ಯಾಸವಾಗಲಿ ಎಂದಳು. ಹಾಗೆ ಮಾಡಿದೆವು. ಬಟ್ಟಲು ತಣ್ಣಗಾಗುತ್ತಿತ್ತು, ಕೆನೆಗಟ್ಟುತ್ತಿತ್ತು, ಹೋಗಿ ನಾಯಿಗೆ ಸೇರುತ್ತಿತ್ತು.

ಮನೆಯಲ್ಲಿ ಇದ್ದ ದೊಡ್ಡ ಚಿಂತೆ ಮಾತ್ರ ಬೇರೆ. ಅಳಿಯನಿಗೆ ಅವಮಾನ ಆಗಿದೆ! ಅಕ್ಕ ಫೋನು ಬಂದ್ ಮಾಡಿದಳು. ಅಮ್ಮ ದಿನಕ್ಕೊಮ್ಮೆ ಅತ್ತರು. "ಮಗಳನ್ನು ಕೊಟ್ಟ ಮನೆ ಮಾರಾಯ. ಸಾವಿರ ಜನರ ಎದುರು ಹಾಗೆ ಹೇಳಬಹುದಾ? ಹೋಗಿ ಕಾಲಿಗೆ ಬೀಳು." ಕೊನೆಗೆ ಅಕ್ಕನೇ ಫೋನು ಮಾಡಿದಳು. "ಅವರು ನಿನ್ನ ಮಗಳಿಗಾಗಿಯೇ ಆ ಐಟಂ ಇಟ್ಟದ್ದು. ಕಮಿಟಿಯಲ್ಲಿ ಜಗಳ ಮಾಡಿ ಇಟ್ಟದ್ದು, ಗೊತ್ತುಂಟಾ ನಿನಗೆ?" ಗೊತ್ತಿತ್ತು. ಸುಳ್ಳಲ್ಲ ಅದು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ನನಗೆ ಇಷ್ಟು ಕಷ್ಟ ಇರಲಿಲ್ಲ, ಒಂದು ಏಟು ಕೊಟ್ಟು ಮುಗಿಸುತ್ತಿದ್ದೆ. ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ಕಿವುಡಾಗುವುದು ಹೇಗೆ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗುತ್ತಿತ್ತು. ಹೆಂಡತಿ ಹೆಚ್ಚು ಮಾತಾಡುವವಳಲ್ಲ. "ಕ್ಷಮೆ ಕೇಳುವುದಾದರೆ ಅವರು ಬಂದು ನಮ್ಮ ಮಗಳ ಹತ್ತಿರ ಕೇಳಲಿ" ಎಂದು ಹೇಳಿ, ಅಮ್ಮನಿಗೂ ಕೇಳುವಂತೆ ಪಾತ್ರೆ ತೊಳೆದಳು.

ಅಮ್ಮ ನಮ್ಮನ್ನು ಕೇಳದೆ ಒಂದು ಭಾನುವಾರ ಅಕ್ಕ–ಭಾವನನ್ನು ಊಟಕ್ಕೆ ಕರೆದರು. ನೀರುದೋಸೆ, ಕೋಳಿ ಸುಕ್ಕ, ಪಾಯಸ. ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲರಿಗೂ ಎಲೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಗದ್ದೆಯ ಮಾತು ಯಾರೂ ಎತ್ತಲಿಲ್ಲ. ಬಿ.ಸಿ. ರೋಡಿನ ಟ್ರಾಫಿಕ್ಕು, ಮಳೆ, ಕರೆಂಟು, ಎಲ್ಲ ಆಯಿತು. ನಾನು ಹಲ್ಲು ಕಚ್ಚಿ ಹೂಂಗುಟ್ಟಿದೆ. ಮಗಳು ನನ್ನ ಪಕ್ಕದಲ್ಲಿ ಮಣೆಯ ಮೇಲೆ, ಮುಷ್ಟಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಎದುರಿಗೆ ಭಾವ. ಅವಳ ಮುಂದೆ ಗಂಜಿಯ ಬಟ್ಟಲು.

ಅವರ ಕಣ್ಣು ಆ ಬಟ್ಟಲಿನ ಮೇಲೆ ಬಿತ್ತು. "ಇದು ಪುಟ್ಟಿಯದ್ದಾ? ತಿನ್ನುವುದಿಲ್ವಾ?"

"ಇರಲಿ ಭಾವ, ಅದು ಅಲ್ಲಿರಲಿ" ಎಂದೆ.

"ಇರಲಿ ಎಂದರೆ ಹೊಟ್ಟೆ ತುಂಬ್ತದಾ? ಮಾವ ಕಲಿಸ್ತೇನೆ. ಮಮ್ಮು ಕಲಸುವ, ಬಾ" ಎನ್ನುತ್ತಾ ಎಲೆಯ ಮೇಲಿನಿಂದ ಬಾಗಿದರು. "ಬಿಡಿ ಅಣ್ಣಾ, ಅವಳಿಗೆ ಆಗುವುದಿಲ್ಲ" ಎಂದಳು ಹೆಂಡತಿ, ಬಡಿಸುತ್ತಿದ್ದ ಸೌಟು ಕೈಯಲ್ಲೇ ಇತ್ತು. "ಬೇಡ ಭಾವ" ಎಂದೆ ನಾನು. "ಊಟದ ಹೊತ್ತಿಗೆ ಪುನಃ ಶುರು ಮಾಡಬೇಡ ಮಾರಾಯ" ಎಂದರು ಅಮ್ಮ. ಹೇಳಿದ್ದು ನನಗೆ! ಅಷ್ಟರಲ್ಲಿ ಆ ದೊಡ್ಡ ಕೈ ಮಗಳ ಮಣಿಕಟ್ಟನ್ನು ಹಿಡಿದಾಗಿತ್ತು. "ಒಂದು ಸಲ ಮುಟ್ಟಿದರೆ ಹೆದರಿಕೆ ಹೋಗ್ತದೆ" ಎನ್ನುತ್ತಾ ಮುಷ್ಟಿಯನ್ನು ಬಿಡಿಸಿ ಗಂಜಿಗೆ ಅದ್ದಿದರು.

ಮಗಳು ಸೆಟೆದಳು. ಬಾಯಿ ತೆರೆಯಿತು. ಆ ಬಾಯಿಯನ್ನು ನಾನು ಗದ್ದೆಯಲ್ಲಿ ನೋಡಿದ್ದೆ. ಎಲೆಯನ್ನು ಆಚೆ ತಳ್ಳಿ ಏಳಲು ಹೊರಟೆ, ಈ ಸಲ ಹೊಡೆದೇ ಬಿಡುತ್ತೇನೆ ಎಂದುಕೊಂಡೇ ಹೊರಟೆ. ಆಗ ಅವಳ ಮುಖ ಬದಲಾಯಿತು. ತೆರೆದ ಬಾಯಿ ಮುಚ್ಚಿತು. ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು, ಕುತ್ತಿಗೆಯ ನರ ಎದ್ದಿತು. ಅವಳು ಅಪ್ಪನ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು, ನನಗೆ ಕಂಡದ್ದು ಅಂದೇ. ಅವಳು ಭಾವನನ್ನು ನೆಟ್ಟಗೆ ನೋಡಿದಳು. ಗಂಜಿಯೊಳಗೆ ಬೆರಳುಗಳು ಮುಚ್ಚಿಕೊಂಡವು. ಒಂದೇ ಎಳೆತಕ್ಕೆ ಕೈ ಬಿಡಿಸಿಕೊಂಡು, ಮುಷ್ಟಿಯಲ್ಲಿದ್ದಷ್ಟನ್ನೂ ಅವರ ಎದೆಗೆ ಎಸೆದಳು.

ಬಿಳಿ ಅಂಗಿಯ ಮೇಲೆ ಗಂಜಿ ಇಳಿಯಿತು. ಮೀಸೆಯಲ್ಲಿ ಒಂದು ಅಗುಳು. ಅಕ್ಕನ ಕೈಯ ತುತ್ತು ಅರ್ಧದಲ್ಲಿ ನಿಂತಿತು. "ಅಯ್ಯೋ ದೇವರೇ, ಅಳಿಯನಿಗೆ!" ಎಂದು ಅಮ್ಮ ಎದೆಗೆ ಕೈ ಇಟ್ಟರು.

"ಇಷ್ಟು ಸಣ್ಣ ಮಗುವಿಗೆ ಇಷ್ಟು ಸಿಟ್ಟಾ? ಬುದ್ಧಿ ಹೇಳು ಮಾರಾಯ ಅವಳಿಗೆ" ಎಂದರು ಭಾವ.

ಎಲ್ಲರೂ ನನ್ನನ್ನು ನೋಡಿದರು. ನಾನು ಮಗಳ ಕೈ ನೋಡುತ್ತಿದ್ದೆ. ಬೆರಳಿನ ಸಂದಿಯಲ್ಲಿ ಅನ್ನ ಅಂಟಿತ್ತು, ತಿಳಿ ಮೊಣಕೈವರೆಗೆ ಇಳಿಯುತ್ತಿತ್ತು. ಈಗ ಆ ಕೈ ದೂರ ಚಾಚುತ್ತದೆ, ಈಗ ಉಸಿರು ಕಟ್ಟುತ್ತದೆ ಎಂದು ಕಾದೆ. ಕಟ್ಟಲಿಲ್ಲ. ಅವಳಿಗೆ ಕೈಯ ನೆನಪೇ ಇರಲಿಲ್ಲ. ಭಾವನ ಮೇಲಿಟ್ಟ ಕಣ್ಣು ತೆಗೆಯದೆ, ಯಾರೂ ಹಿಡಿಯದ ಕೈಯನ್ನು ಪುನಃ ಬಟ್ಟಲಿಗೆ ಹಾಕಿ, ಐದೂ ಬೆರಳಿನಿಂದ ತಡಕಿ, ಅನ್ನ ಬಾಚಲು ನೋಡಿದಳು. ಬಟ್ಟಲು ಸ್ವಲ್ಪ ದೂರ ಆಗಿತ್ತು. ಅಮ್ಮ ಅದನ್ನು ಎತ್ತಿಕೊಳ್ಳಲು ಕೈ ಮುಂದೆ ಮಾಡಿದರು.

ನಾನು ಮೊದಲು ಕೈ ಹಾಕಿ, ಬಟ್ಟಲನ್ನು ಮಗಳ ಹತ್ತಿರಕ್ಕೆ ಸರಿಸಿದೆ.